ಪಿಎಚ್‌ಡಿ ಗೈಡ್: ಪ್ರಶಸ್ತಿ ನೋಡಬೇಕಾ, ಪೇಪರ್ ನೋಡಬೇಕಾ?

ಕಲಬುರಗಿಯಲ್ಲಿ ಕೆಮಿಸ್ಟ್ರಿ ಗೈಡ್ ಆರಿಸಬೇಕು, ಯಾರಾದರೆ ಒಳ್ಳೆಯದು ಅಂತ ಕೇಳಿದ್ದೀರಿ. ಒಬ್ಬರಿಗೆ ಪ್ರಶಸ್ತಿ ಜಾಸ್ತಿ, ಒಬ್ಬರಿಗೆ ಪೇಪರ್ (ಪ್ರಕಟವಾದ ಸಂಶೋಧನಾ ಲೇಖನ), ಮತ್ತೊಬ್ಬರಿಗೆ ಪೇಟೆಂಟ್ ಅಂದಿರಿ.

ಪ್ರಶಸ್ತಿ ಕೊಟ್ಟವರು ಯಾರು ನೋಡಿ. ದೇಶದ ದೊಡ್ಡ ವಿಜ್ಞಾನ ಪ್ರಶಸ್ತಿ ಭಟ್ನಾಗರ್‌ನಂಥದ್ದಕ್ಕೆ ತೂಕವಿದೆ, ದುಡ್ಡು ಕಟ್ಟಿಸಿಕೊಂಡು ಶಾಲು ಹೊದಿಸುವುದೂ ಉಂಟು, ಅಲ್ವಾ? ಹೊರದೇಶಕ್ಕೆ ಹೋಗುವವರಿಗಾದರೆ ಹೆಸರಾದವರ ಶಿಫಾರಸು ಪತ್ರ ನೆರವಾಗುತ್ತದೆ.

ಮೇಷ್ಟ್ರಾಗುವ ಆಸೆಯಿದ್ದರೆ ಪೇಪರಿನವರು. ಅವರ ಪೇಪರುಗಳಲ್ಲಿ ಲೇಖಕರ ಸಾಲಿನ ಮೊದಲ ಹೆಸರು ವಿದ್ಯಾರ್ಥಿಯದ್ದಾ, ಗಮನಿಸಿ.

ಬೀದರಿನ ಕೊಳಾರ, ಯಾದಗಿರಿಯ ಕಡೇಚೂರಿನ ಔಷಧ ಕಾರ್ಖಾನೆಗಳ ಮೇಲೆ ಕಣ್ಣಿದ್ದರೆ ಪೇಟೆಂಟಿನವರು. ಆದರೆ ಹುಷಾರು: ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ, ಹಾಗಂತ ಪೇಟೆಂಟ್ ಸಿಕ್ಕಿತು ಅಂತಲ್ಲ. ಮಂಜೂರಾಗಿದೆಯಾ ಕೇಳಿ.

ಯಾರ ಲ್ಯಾಬೇ ಆಗಲಿ, ಅಲ್ಲಿನ ಹುಡುಗರ ಜತೆ ಚಹಾ ಕುಡಿಯಿರಿ. ಎನ್‌ಎಂಆರ್‌ಗೆ (ಅಣುವಿನ ರಚನೆ ತಿಳಿಯುವ ಪರೀಕ್ಷೆ) ಸ್ಯಾಂಪಲ್ ಎಲ್ಲಿಗೆ ಕಳಿಸುತ್ತಾರೆ, ಅದರ ದುಡ್ಡು ಯಾರ ಜೇಬಿನದು ಅಂತ ವಿಚಾರಿಸಿ.