ಸ್ಪ್ಯಾಮ್‌ಅಸಾಸಿನ್‌ಗೆ ಅಟ್ಯಾಚ್‌ಮೆಂಟ್ ಪ್ಲಗಿನ್ ಬರ್ದು ನೋಡ್ದೆ

ಆಫೀಸ್ ಮೇಲ್‌ಗೆ ದಿನಾ ಬೆಳಗ್ಗೆ "ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ" ಥರದ್ದು ಬಂದು ಬೀಳೋದು ನೋಡಿ ನೋಡಿ ತಲೆ ಕೆಟ್ಟು, ಸ್ಪ್ಯಾಮ್ ಮೇಲ್ ಸೋಸೋ ಸಾಫ್ಟ್‌ವೇರ್ ಸ್ಪ್ಯಾಮ್‌ಅಸಾಸಿನ್‌ಗೆ ನಾನೇ ಒಂದು ಪ್ಲಗಿನ್ ಬರ್ದೆ, ಮೂರು ವಾರ ಓಡ್ಸಿದ್ಮೇಲೆ ಈ ರಿವ್ಯೂ. 2001ರಿಂದ ಇರೋ ಹಳೇ ಹುಲಿ ಇದು, ಈಗ ಅಪಾಚೆಯವ್ರ ಹತ್ರ ಇದೆ, ಪುಕ್ಕಟೆ. ಪ್ಲಗಿನ್ ಬರೆಯೋ ಭಾಷೆ ಪರ್ಲ್, ಅದಂದ್ರೆ ಮೂಗು ಮುರಿಯೋರು ಇಲ್ಲಿಂದಲೇ ವಾಪಸ್ ಹೋಗ್ಬೋದು.

ಬರೆಯೋದೇನು ಅಂಥಾ ಕಷ್ಟ ಅಲ್ಲ. ಒಂದು ಪಿಎಂ (ಪರ್ಲ್ ಮಾಡ್ಯೂಲ್) ಫೈಲು, ಅದ್ರಲ್ಲಿ ನಮ್ಮ ಚೆಕ್‌ನ ನೋಂದಾಯಿಸೋ ರಿಜಿಸ್ಟರ್_ಇವ್ಯಾಲ್_ರೂಲ್, ಕಾನ್ಫಿಗ್‌ನಲ್ಲಿ ಲೋಡ್‌ಪ್ಲಗಿನ್ ಅಂತ ಒಂದು ಸಾಲು, ರೂಲ್‌ಗೊಂದು ಸ್ಕೋರು. ಮೈಮ್ (ಮೇಲ್‌ನ ಭಾಗಗಳನ್ನ ಜೋಡಿಸಿಡೋ ರೀತಿ) ಬಿಡಿಸೋ ತಲೆನೋವು ನಮಗಿಲ್ಲ, ಫೈಂಡ್_ಪಾರ್ಟ್ಸ್ ಅಂದ್ರೆ ಭಾಗಗಳು ಕೈಗೆ ಬರ್ತಾವೆ, ಡಿಕೋಡ್ ಅಂದ್ರೆ ಬೇಸ್64 (ಬೈಟ್ಸ್‌ನ ಮಾಮೂಲಿ ಅಕ್ಷರಗಳಾಗಿ ಬರೆಯೋ ರೀತಿ) ಬಿಚ್ಚಿ ಬೈಟ್ಸ್ ಕೊಡುತ್ತೆ. (ಫೈಲ್ ಕೊನೇಲಿ "1;" ಹಾಕೋದು ಮರ್ತು ಅರ್ಧ ಗಂಟೆ ಪರದಾಡಿದ್ದು ನನ್ನ ತಪ್ಪು ಬಿಡಿ.)

ನಿಜವಾಗ್ಲೂ ಎಡವಿದ್ದು ಬೇರೆ ಕಡೆ. ಫೈಲಿನ ಹೆಸರಿರೋ ಕಂಟೆಂಟ್-ಡಿಸ್ಪೊಸಿಷನ್ ಹೆಡರ್‌ನ ಹಸಿಹಸಿಯಾಗೇ ತಗೊಂಡು ಡಬಲ್ ಎಕ್ಸ್‌ಟೆನ್ಷನ್‌ಗೆ ರೆಜೆಕ್ಸ್ (ಹುಡುಕೋ ಪ್ಯಾಟರ್ನ್) ಬರ್ದಿದ್ದೆ, ಎರಡು ದಿನ ಸಖತ್ತಾಗಿ ಹಿಡೀತು, ಮೂರನೇ ದಿನ "ಸಂಬಳ ಪಟ್ಟಿ" ಅಂತ ಕನ್ನಡದಲ್ಲೇ ಹೆಸರಿಟ್ಕೊಂಡು ಬಂದ ಇಎಕ್ಸ್‌ಇ ಒಂದು ಆರಾಮಾಗಿ ಒಳಗೆ ಹೋಯ್ತು. ಹೆಡರ್ ತೆಗೆದು ನೋಡಿದ್ರೆ ಹೆಸ್ರೇ ಇಲ್ಲ, ಯುಟಿಎಫ್-8 ಅಂತ ಶುರುವಾಗಿ 4ಎಲ್‌ಕೆ, 4ಎಲ್‌ಒ ಅಂತ ಉದ್ದ ಬಾಲ, ಕನ್ನಡ ಅಕ್ಷರ ಬೇಸ್64 ಆದ್ರೆ ಹೆಚ್ಚಾಗಿ ಹಿಂಗೇ ಕಾಣೋದು, ಕೊನೆಯ ಇಎಕ್ಸ್‌ಇನೂ ಅದ್ರೊಳಗೇ ಅಡಗಿತ್ತು. ಆಮೇಲೆ ಹೆಸ್ರನ್ನ ಡಿಕೋಡ್ ಮಾಡ್ದೆ, ಜೊತೆಗೆ ಫೈಲಿನ ಮೊದಲೆರಡು ಬೈಟ್ ನೋಡೋಕೆ ಶುರು ಮಾಡ್ದೆ. "ಎಂಝಡ್" ಇದ್ರೆ ವಿಂಡೋಸ್ ಪ್ರೋಗ್ರಾಂ, ಹೆಸರೇನಾದ್ರೂ ಇರ್ಲಿ. "ಪಿಕೆ" ಇದ್ರೆ ಮಾತ್ರ ದುಡುಕ್ಬೇಡಿ, ಡಾಕ್ಸ್, ಎಕ್ಸೆಲ್ ಫೈಲೂ ಒಳಗಿಂದ ಝಿಪ್ಪೇ.

ಸ್ಕೋರ್ ನಾನು 4 ಕೊಟ್ಟಿದೀನಿ, ಡೀಫಾಲ್ಟ್ ಮಿತಿ 5 (ರೂಲ್‌ಗಳ ಸ್ಕೋರ್ ಕೂಡಿ ಅಷ್ಟು ಮುಟ್ಟಿದ್ರೆ ಸ್ಪ್ಯಾಮ್), ಒಂದೇ ರೂಲ್ ಮೇಲ್‌ನ ಕೊಲ್ಲಬಾರ್ದು ಅಂತ. ಆಫೀಸ್ ಫೈಲ್ ಒಳಗಿನ ಮ್ಯಾಕ್ರೋ (ತಾನೇ ಓಡೋ ಪುಟ್ಟ ಕೋಡು) ಹಿಡಿಯೋಕೆ ಓಎಲ್‌ಇವಿಬಿಮ್ಯಾಕ್ರೋ, ಪಿಡಿಎಫ್ ಒಳಗಿನ ಟೆಕ್ಸ್ಟ್‌ಗೆ 4.0ರಲ್ಲಿ ಬಂದ ಎಕ್ಸ್‌ಟ್ರಾಕ್ಟ್‌ಟೆಕ್ಸ್ಟ್ ಆಗ್ಲೇ ಇವೆ, ಅದನ್ನ ಮತ್ತೆ ಬರೀಬೇಡಿ. ಬದಲಾಯಿಸಿದಾಗೆಲ್ಲ ಲಿಂಟ್ (ತಪ್ಪು ಹುಡುಕೋ ಚೆಕ್) ಓಡ್ಸಿ, ಹಿನ್ನೆಲೆಯಲ್ಲಿ ಓಡ್ತಿರೋ ಸ್ಪ್ಯಾಮ್‌ಡಿ ರೀಸ್ಟಾರ್ಟ್ ಮಾಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಯಾಕಂದ್ರೆ ಸ್ಪ್ಯಾಮ್‌ಡಿಗೆ ಮೇಲ್ ಕೊಡೋ ಸ್ಪ್ಯಾಮ್‌ಸಿ ಡೀಫಾಲ್ಟಾಗಿ 500 ಕೆಬಿ ಮೇಲಿನ ಮೇಲ್‌ನ ಮುಟ್ಟೋದೇ ಇಲ್ಲ, ಅಟ್ಯಾಚ್‌ಮೆಂಟ್ ಹಿಡಿಯೋಕೆ ಹೊರಟೋನಿಗೆ 500 ಕೆಬಿ ಯಾವ ಮೂಲೆಗೆ ಸಾಕು ಹೇಳಿ. ಸ್ಪ್ಯಾಮ್‌ಸಿಗೆ ಮೈನಸ್ ಎಸ್ ಅನ್ನೋ ಆಪ್ಷನ್ ಕೊಟ್ಟು ಮಿತಿ ಜಾಸ್ತಿ ಮಾಡ್ಕೊಳ್ಳಿ.