ಅಜ್ಜಿಯ ಬದುಕನ್ನು ಅವರ ಧ್ವನಿಯಲ್ಲೇ ಉಳಿಸಲು: ಝೂಮ್ ಎಚ್1ಎನ್ ರೆಕಾರ್ಡರ್ ವಿಮರ್ಶೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಕಾರ್ಕಳದ ಕಡೆಯ ಬೇಸಾಯದ ಕ್ರೈಸ್ತ ಮನೆಗಳಲ್ಲಿ ಈಗ ತೊಂಬತ್ತರ ಆಸುಪಾಸಿನಲ್ಲಿರುವ ಅಜ್ಜಿಯರ ನೆನಪು ದೊಡ್ಡ ಕಣಜ. ಅವರು ಹುಟ್ಟಿದಾಗ ಎಷ್ಟೋ ಮನೆಗಳು ಗೇಣಿ ಒಕ್ಕಲು, ಇಗರ್ಜಿಯ ಪೂಜೆ ಲ್ಯಾಟಿನ್‌ನಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕೊಂಕಣಿಗೆ ಬಂತು. 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಡಿಕ್ಲರೇಶನ್ (ಗೇಣಿ ಜಮೀನು ತಮಗೆ ಸಿಗಬೇಕೆಂಬ ಅರ್ಜಿ) ಕೊಟ್ಟು ಗೆದ್ದವರಿಗೆ ಗದ್ದೆ ಸ್ವಂತವಾಯಿತು. ಮಕ್ಕಳು ಮುಂಬಯಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದರು. ಇಷ್ಟನ್ನೂ ಕಂಡವರ ಮಾತನ್ನು ಅವರ ಬಾಯಿಂದಲೇ ಹಿಡಿದಿಡಬೇಕೆಂದು ಹೊರಡುವವರಿಗೆ ಎದುರಾಗುವ ಮೊದಲ ಪ್ರಶ್ನೆ: ಫೋನ್ ಸಾಕೇ, ಬೇರೆ ಯಂತ್ರ ಬೇಕೇ?

ಬೇರೆ ಯಂತ್ರ ಬೇಕು ಎನ್ನುವುದು ನಮ್ಮ ಉತ್ತರ. ಈ ಕೆಲಸಕ್ಕೆ ಝೂಮ್ ಕಂಪನಿಯ ಎಚ್1ಎನ್ ಚೆನ್ನಾಗಿ ಹೊಂದುತ್ತದೆ. 2018ರಲ್ಲಿ ಬಂದ ಮಾದರಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ಎಎಎ ಬ್ಯಾಟರಿಯಲ್ಲಿ ಸುಮಾರು 10 ಗಂಟೆ ನಡೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಮನೆಗೂ ತೊಂದರೆಯಿಲ್ಲ. ಮೈಕ್ರೋ ಎಸ್‌ಡಿ ಕಾರ್ಡನ್ನು 32 ಜಿಬಿವರೆಗೆ ಮಾತ್ರ ತೆಗೆದುಕೊಳ್ಳುತ್ತದೆ. 64 ಜಿಬಿ ಕಾರ್ಡ್ ಕೊಂಡರೆ ದುಡ್ಡು ದಂಡ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಬೇಕು. ರೀಚಾರ್ಜ್ ಆಗುವ ಬ್ಯಾಟರಿ ಹಾಕುವವರು ಮೆನುವಿನಲ್ಲಿ ಬ್ಯಾಟರಿಯ ಬಗೆಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಎಂಬ ಗುರುತು ತಪ್ಪು ತೋರಿಸುತ್ತದೆ.

ಫೋನ್ ಏಕೆ ಸಾಲದು? ಹಲವು ಫೋನ್‌ಗಳು ಹಿನ್ನೆಲೆಯ ಸದ್ದನ್ನು ತಾವಾಗಿಯೇ ಅಳಿಸಲು ಹೋಗುತ್ತವೆ. ವಯಸ್ಸಾದವರ ಮೆಲುದನಿ, ಮಾತಿನ ಕೊನೆಯಲ್ಲಿ ಇಳಿದುಹೋಗುವ ಅಕ್ಷರ, ಹಲ್ಲಿಲ್ಲದ ಬಾಯಿಯ ಸಕಾರ, ಹಕಾರ ಇವೂ ಆ ಅಳಿಸುವಿಕೆಯಲ್ಲಿ ಹೋಗುತ್ತವೆ. ಕೊಂಕಣಿಯಲ್ಲಿ ಮೂಗಿನ ಸ್ವರವೇ ಅರ್ಥ ಬದಲಿಸುವುದರಿಂದ ಈ ನಷ್ಟ ಚಿಕ್ಕದಲ್ಲ. ನಡುವೆ ದುಬೈಯಿಂದ ಮಗನ ಕರೆ ಬಂದರೆ ರೆಕಾರ್ಡಿಂಗ್ ನಿಂತೇಹೋಗಬಹುದು. ಫೋನೇ ಗತಿ ಎನ್ನುವವರು ಫ್ಲೈಟ್ ಮೋಡ್ ಹಾಕಿ, ಸದ್ದು ಅಳಿಸುವ ಆಯ್ಕೆಯನ್ನು ಆಫ್ ಮಾಡಿ, ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕ್ ಜೋಡಿಸಲಿ. ಆಗ ಅದೂ ತಕ್ಕಮಟ್ಟಿಗೆ ನಡೆಯುತ್ತದೆ.

ಎಚ್1ಎನ್‌ನ ಸೆಟ್ಟಿಂಗ್ ಬಹಳ ಸರಳ. ರೆಕಾರ್ಡಿಂಗ್ ಬಗೆ ವೇವ್, 48 ಕಿಲೋಹರ್ಟ್ಸ್, 24 ಬಿಟ್. ಈ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ, 32 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ 30 ಗಂಟೆ ಸಿಗುತ್ತದೆ. ಜಾಗ ಉಳಿಸಲೆಂದು ಎಂಪಿ3 ಹಾಕಬೇಡಿ; ಒಮ್ಮೆ ಹೋದ ಸೂಕ್ಷ್ಮ ಮತ್ತೆ ಬರುವುದಿಲ್ಲ. ಲೋ ಕಟ್ 80 ಹರ್ಟ್ಸ್‌ಗೆ ಇಡಿ, ದೂರದ ಪಂಪಿನ ಗುಂಯ್ ಎನ್ನುವ ಸದ್ದು ಕಡಿಮೆಯಾಗುತ್ತದೆ. ಲಿಮಿಟರ್ ಹಾಕಿರಲಿ, ಅಜ್ಜಿ ನಕ್ಕಾಗ ಸದ್ದು ಒಡೆಯದು. ಸದ್ದಿನ ಮಟ್ಟವನ್ನು ತಾನೇ ಹೊಂದಿಸುವ ಆಟೋ ಲೆವೆಲ್ ಮಾತ್ರ ಖಂಡಿತ ಬೇಡ. ಅಜ್ಜಿ ಯೋಚಿಸಲು ನಿಲ್ಲಿಸಿದ ಕೂಡಲೇ ಅದು ಸದ್ದನ್ನು ಎಳೆದು ಏರಿಸುತ್ತದೆ; ಆ ಮೌನದೊಳಗೆ ಫ್ಯಾನು, ಕಾಗೆ, ಪಕ್ಕದ ಮನೆಯ ಟಿವಿ ಎಲ್ಲವೂ ಮೇಲೆದ್ದು ಬರುತ್ತವೆ. ಲೆವೆಲ್ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಸಾಮಾನ್ಯ ಮಾತಿಗೆ ಮೀಟರು -12 ಡೆಸಿಬೆಲ್ ಹತ್ತಿರ ಆಡುವಂತೆ ಇಡಿ. ಶುರುವಾದ ಮೇಲೆ ಬದಿಯ ಸ್ವಿಚ್ಚನ್ನು ಹೋಲ್ಡ್ ಕಡೆಗೆ ತಳ್ಳಿದರೆ ಯಾರ ಕೈ ತಗುಲಿದರೂ ನಿಲ್ಲುವುದಿಲ್ಲ.

ಯಂತ್ರಕ್ಕಿಂತ ಅದನ್ನು ಇಡುವ ಜಾಗ ಮುಖ್ಯ. ಬಾಯಿಯಿಂದ 25-30 ಸೆಂಟಿಮೀಟರ್ ದೂರ, ಗಲ್ಲಕ್ಕಿಂತ ಸ್ವಲ್ಪ ಕೆಳಗೆ, ನೇರ ಎದುರಿಗಲ್ಲದೆ ಕೊಂಚ ಓರೆಯಾಗಿ ಇಡಬೇಕು. ಎದುರಿಗಿಟ್ಟರೆ ಪಕಾರ, ಬಕಾರಕ್ಕೆಲ್ಲ ಗಾಳಿ ಬಡಿಯುತ್ತದೆ. ಹಿಂಬದಿಯಲ್ಲಿ ಟ್ರೈಪಾಡಿನ ತಿರುಪು ಹಿಡಿಯುವ ತೂತು ಇದೆ. ಚಿಕ್ಕ ಟ್ರೈಪಾಡ್ ಕೂರಿಸಿ ಕೆಳಗೆ ಮಡಚಿದ ಬೈರಾಸು (ಟವೆಲ್) ಹಾಕಿ. ಮೈ ಹಗುರ ಪ್ಲಾಸ್ಟಿಕ್ಕಿನದು, ಕೈಯಲ್ಲಿ ಹಿಡಿದರೆ ಬೆರಳಿನ ಉಜ್ಜಾಟವೂ ದಾಖಲಾಗುತ್ತದೆ. ಇದು ಈ ಯಂತ್ರದ ದೊಡ್ಡ ಕೊರತೆ. ಎರಡನೆಯ ಕೊರತೆ, ತೀರಾ ಮೆಲ್ಲಗೆ ಮಾತಾಡುವವರಿಗಾಗಿ ಲೆವೆಲ್ ಬಹಳ ಏರಿಸಿದರೆ ಹಿಂದೆ ಸುಂಯ್ ಎಂಬ ಸದ್ದು ಕೇಳುತ್ತದೆ. ಅಂಥವರಿಗೆ ಮೈಕ್ ಕಿಂಡಿಗೆ ಕಾಲರ್ ಮೈಕ್ ಹಾಕುವುದು ಒಳ್ಳೆಯದು. ಅದನ್ನು ಹತ್ತಿ ಸೀರೆಯ ಸೆರಗಿಗೆ ಸಿಕ್ಕಿಸಬಹುದು, ರೇಷ್ಮೆಗೆ ಬೇಡ. ಕೊರಳಿನ ಶಿಲುಬೆ, ಜಪಸರ ಮೈಕಿಗೆ ತಾಗುತ್ತಿದೆಯೇ ಎಂದು ಮೊದಲೇ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ ನೋಡಬೇಕು. ಬಳೆ ತೆಗೆಯಿರಿ ಎಂದು ಕೇಳಲೇಬಾರದು. ಮಡಿಲ ಮೇಲೆ ಒಂದು ದಪ್ಪ ಬಟ್ಟೆ ಹಾಸಿದರೆ ಕೈ ಅದರ ಮೇಲೆ ನಿಲ್ಲುತ್ತದೆ.

ಹಂಚಿನ ಮಾಡು, ಸಿಮೆಂಟು ನೆಲ, ಗೋಡೆಯ ಆಲ್ತಾರಿನ (ದೇವರ ಪೀಠದ) ಎದುರು ಖಾಲಿ ಜಾಗ ಇರುವ ದೊಡ್ಡ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತದೆ. ಜಗಲಿಯಲ್ಲಿ ಕೋಳಿ, ನಾಯಿ, ರಸ್ತೆ. ಹಾಸಿಗೆ, ಬಟ್ಟೆ ತುಂಬಿರುವ ಮಲಗುವ ಕೋಣೆಯೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಬೀಳುವ ಮಳೆಯನ್ನು ಯಾವ ಸೆಟ್ಟಿಂಗೂ ತಡೆಯದು. ಎಪ್ರಿಲ್, ಮೇಯಲ್ಲಿ ಫ್ಯಾನ್ ಆರಿಸಿ ಹಿರಿಯರನ್ನು ಕೂರಿಸುವುದು ತಪ್ಪು. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ, ಬೆಳಗಿನ ಗಂಜಿ ಮತ್ತು ಮಾತ್ರೆ ಮುಗಿದ ಮೇಲಿನ ಹೊತ್ತು ಸರಿಯಾದ ಹೊತ್ತು. ಸದ್ದು ಬಾರದಂತೆ ಫ್ರಿಜ್ ಆರಿಸುವಾಗ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಮತ್ತೆ ಹಾಕಲು ಮರೆತು ಮೀನು ಕೆಡಿಸುವ ಪ್ರಮೇಯ ಬರುವುದಿಲ್ಲ. ಒಂದು ಸಲಕ್ಕೆ 45 ನಿಮಿಷ ಸಾಕು. ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಕುಳಿತುಕೊಳ್ಳಿ. ಶ್ರವಣ ಯಂತ್ರ ಸಿಳ್ಳೆ ಹಾಕುತ್ತಿದ್ದರೆ ಅದು ಕಿವಿಯಲ್ಲಿ ಸರಿಯಾಗಿ ಕೂತಿಲ್ಲ ಎಂದು ಅರ್ಥ, ಸರಿಪಡಿಸಿಯೇ ಶುರುಮಾಡಿ.

ಶುರುವಿಗೆ ದಿನಾಂಕ, ಊರು, ಮಾತಾಡುವವರ ಹೆಸರು, ಕೇಳುವವರ ಹೆಸರು ಹೇಳಿ, ದಾಖಲಿಸಲು ಒಪ್ಪಿಗೆಯನ್ನೂ ಅವರ ಬಾಯಲ್ಲೇ ಹೇಳಿಸಿ. ಜಾಗದ ತಕರಾರು, ಮನೆ ಪಾಲಿನ ಮಾತು ಬಂದಾಗ ಇದು ಹೊರಗೆ ಬೇಡ ಎಂದರೆ ಆ ಭಾಗ ಹೊರಗೆ ಹೋಗಬಾರದು. ಮಾತು ಮನೆಯ ಕೊಂಕಣಿಯಲ್ಲೇ ಆಗಲಿ. ಮೊಮ್ಮಕ್ಕಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಅಜ್ಜಿ ಉತ್ತರವನ್ನು ಚಿಕ್ಕದು ಮಾಡಿ ಮುಗಿಸಿಬಿಡುತ್ತಾರೆ.

‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಯಾವತ್ತೂ ಸೋಲುತ್ತದೆ. ಎಂತ ಹೇಳುವುದು, ದುಡಿದದ್ದೇ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕೈ ಮಾಡಿದ ಕೆಲಸದಿಂದ ಶುರುಮಾಡಬೇಕು. ತಗ್ಗಿನ ಬೈಲು ಗದ್ದೆ ಎಷ್ಟು, ನಡುಮಟ್ಟದ ಮಜಲು ಎಷ್ಟು, ಎತ್ತರದ ಬೆಟ್ಟು ಎಷ್ಟು? ಏಣಿಲು, ಸುಗ್ಗಿ, ಕೊಳಕೆ ಎಂಬ ವರ್ಷದ ಮೂರು ಭತ್ತದ ಬೆಳೆಗಳನ್ನೂ ಬೆಳೆಯುತ್ತಿದ್ದರೇ? ನೇಜಿ (ಭತ್ತದ ಸಸಿ) ನೆಡಲು ಯಾರ ಯಾರ ಮನೆಯಿಂದ ಬರುತ್ತಿದ್ದರು, ಅವರಿಗೆ ಮಧ್ಯಾಹ್ನ ಏನು ಬಡಿಸುತ್ತಿದ್ದರು? ಗೇಣಿ ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಅಳತೆ), ಅಳೆಯಲು ಯಾರು ಬರುತ್ತಿದ್ದರು? 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕ ಅವರ ಮನೆಯಲ್ಲೂ ಹಾಗೆಯೇ ಇತ್ತೇ? ಬೈಹುಲ್ಲಿನಲ್ಲಿ ಮುಡಿ ಕಟ್ಟುವುದನ್ನು ಬಾಯಲ್ಲಿ ಹೇಳಿಸುವುದಕ್ಕಿಂತ ಹುಲ್ಲು ಎದುರಿಗಿಟ್ಟು ಕೇಳಿ. ಹಳೆಯ ಕತ್ತಿ, ಸೇರು, ಪ್ರಾರ್ಥನೆ ಪುಸ್ತಕ, ಮದುವೆಯ ಫೋಟೋ ಇವು ಹತ್ತು ಪ್ರಶ್ನೆಗಳ ಕೆಲಸ ಮಾಡುತ್ತವೆ.

ನಂಬಿಕೆಯ ಬದುಕೂ ಹಾಗೆಯೇ. ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಯಾರು ನಡೆಸುತ್ತಿದ್ದರು, ಅದು ಮುಗಿದ ಮೇಲೆ ಮಕ್ಕಳು ಯಾವ ಕ್ರಮದಲ್ಲಿ ಹಿರಿಯರ ಬೆಸಾಂವ್ (ಆಶೀರ್ವಾದ) ಕೇಳುತ್ತಿದ್ದರು? ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ) ಇಗರ್ಜಿಯಿಂದ ಹೊಸ ತೆನೆ ತಂದ ಮೇಲೆ ಮನೆಯಲ್ಲಿ ಏನೇನು ಮಾಡುತ್ತಿದ್ದರು, ಎಷ್ಟು ಬಗೆ ತರಕಾರಿ ಪದಾರ್ಥ? ಅರ್ಥ ಗೊತ್ತಿಲ್ಲದೆ ಕಿವಿಯಿಂದ ಕಲಿತ ಲ್ಯಾಟಿನ್ ಉತ್ತರಗಳು ಈಗಲೂ ನಾಲಿಗೆಯಲ್ಲಿವೆಯೇ? ಅಂಥವು ಸಿಕ್ಕಿದರೆ ಪೂರ್ತಿ ದಾಖಲಿಸಿ, ತಿದ್ದಬೇಡಿ. ಮದುವೆ ಹಿಂದಿನ ರೋಸ್‌ನಲ್ಲಿ (ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಹೇಳುತ್ತಿದ್ದ ವೊವಿಯೊ ಎಂಬ ಹಾಡುಗಳನ್ನು ಒಬ್ಬರೇ ಹೇಳುವಾಗ ಸಾಲು ಮರೆಯುತ್ತದೆ, ಏಕೆಂದರೆ ಅದು ಒಬ್ಬರು ಎತ್ತಿ ಉಳಿದವರು ಕೂಡಿಸುವ ಹಾಡು. ಅದೇ ವಯಸ್ಸಿನ ನೆರೆಯವರೊಬ್ಬರನ್ನು ಕೂರಿಸಿ. ಆಗ ರೆಕಾರ್ಡರನ್ನು ಒಂದು ಮೀಟರ್ ದೂರ ಸರಿಸಿ ಲೆವೆಲ್ ಮತ್ತೊಮ್ಮೆ ನೋಡಬೇಕು. ಹಾಡುವ ಗಂಟಲು ಮಾತಿನ ಗಂಟಲಿಗಿಂತ ಬಹಳ ಜೋರು.

ಅಡುಗೆ ಕೇಳುವಾಗ ಕೈಯಳತೆಯೇ ತೊಡಕು. ಬಾಫತ್ ಎಂಬ ಮಸಾಲೆ ಪುಡಿಗೆ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಶಿನ ಎಂದು ಎಲ್ಲರೂ ಹೇಳುತ್ತಾರೆ. ‘ಇಷ್ಟು’ ಎಂದು ಅಜ್ಜಿ ತೋರಿಸುವ ಹಿಡಿ ಧ್ವನಿಯಲ್ಲಿ ಕಾಣುವುದಿಲ್ಲ. ಪಾತ್ರೆಯ ಕೆಳಗೆ ಡಿಜಿಟಲ್ ತಕ್ಕಡಿ ಇಟ್ಟು, ಒಂದೊಂದು ಹಿಡಿ ಬಿದ್ದಾಗಲೂ ಗ್ರಾಂ ಎಷ್ಟೆಂದು ನೀವು ಗಟ್ಟಿಯಾಗಿ ಓದಿ. ಸಾನ್ನಾಂ (ಇಡ್ಲಿಯಂಥ ತಿಂಡಿ) ಹಿಟ್ಟಿಗೆ ಹಾಕುವ ಶೇಂದಿಯನ್ನೂ ಹೀಗೆಯೇ ಅಳೆಯಿರಿ.

ಇಸವಿಗಾಗಿ ಅಜ್ಜಿಯನ್ನು ಪೀಡಿಸಬೇಡಿ. ಅದಕ್ಕೆ ಇಗರ್ಜಿಯ ಜ್ಞಾನಸ್ನಾನ ದಾಖಲೆ ಇದೆ. ಶಾಲೆಯ ದಾಖಲೆಯ ಹುಟ್ಟಿದ ದಿನಕ್ಕಿಂತ ಅದನ್ನು ಹೆಚ್ಚು ನಂಬಬಹುದು. ದೊಡ್ಡ ಇಗರ್ಜಿಗಳಿಂದ ಹೊಸವು ಬೇರೆಯಾಗಿರುವುದರಿಂದ ಹೆಸರು ಈಗಿನ ಇಗರ್ಜಿಯಲ್ಲಿ ಸಿಗದಿದ್ದರೆ ಅದರ ಮೂಲ ಇಗರ್ಜಿಯಲ್ಲಿ ವಿಚಾರಿಸಿ. ಮನೆಯಲ್ಲಿ ಪೆದ್ರು, ಬಸ್ತ್ಯಾಂವ್, ಇನಾಸ್ ಆದವರು ದಾಖಲೆಯಲ್ಲಿ ಬೇರೆ ರೂಪದಲ್ಲಿರುತ್ತಾರೆ. ಪ್ರಭು, ಕಾಮತ್, ಪೈ ಎಂಬ, ಕ್ರೈಸ್ತರಾಗುವ ಮುಂಚಿನ ಹಳೆಯ ಮನೆತನದ ಹೆಸರು ಗೊತ್ತಿದ್ದರೆ ಅದನ್ನೂ ಹೇಳಿಸಿ. 1784ರಲ್ಲಿ ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣಕ್ಕೆ ಸೆರೆ ಹೋದವರ ಕಥೆ ಮನೆಯಲ್ಲಿ ಉಳಿದಿದ್ದರೆ ಅವರು ಹೇಳಿದ ಹಾಗೆಯೇ ಬಿಡಿ. ಇತಿಹಾಸದ ಜತೆ ತಾಳೆ ನೋಡುವುದು ಆಮೇಲಿನ ಕೆಲಸ.

ಈಗ ಹೊಸತಾಗಿ ಕೊಳ್ಳುವವರು 2024ರಲ್ಲಿ ಬಂದ ಎಚ್1 ಎಸೆನ್ಶಿಯಲ್ ನೋಡಿ. ಅದು 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುವುದರಿಂದ ಲೆವೆಲ್ ಇಡುವ ತಲೆಬಿಸಿಯಿಲ್ಲ, ಪಿಸುಮಾತನ್ನೂ ವೊವಿಯೊವನ್ನೂ ಆಮೇಲೆ ಸರಿಹೊಂದಿಸಬಹುದು. ದೊಡ್ಡ ಕಾರ್ಡನ್ನೂ ತೆಗೆದುಕೊಳ್ಳುತ್ತದೆ, ಕೇಬಲ್ ಯುಎಸ್‌ಬಿ ಸಿ. ಎಚ್1ಎನ್ ಆಗಲೇ ಕೈಯಲ್ಲಿದ್ದರೆ ಬದಲಿಸುವ ಅಗತ್ಯವಿಲ್ಲ.

ದಾಖಲಿಸಿದ ದಿನವೇ ಕಡತಕ್ಕೆ ದಿನಾಂಕ, ಊರು, ವಿಷಯ ಸೇರಿಸಿ ಹೆಸರಿಡಿ. ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಸಂಬಂಧಿಕರ ಬಳಿಯೋ ಕ್ಲೌಡಿನಲ್ಲೋ ಇನ್ನೊಂದು ಪ್ರತಿ ಆಗುವವರೆಗೆ ಕಾರ್ಡ್ ಅಳಿಸಬೇಡಿ. ಬರೆದಿಡಲು ಎಚ್1ಎನ್‌ನಲ್ಲಿ ಒಳ್ಳೆಯ ಸೌಕರ್ಯವಿದೆ: ಸ್ವರ ಬದಲಾಗದಂತೆ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಬಹುದು, ಒಂದೇ ಸಾಲನ್ನು ಮತ್ತೆ ಮತ್ತೆ ತಿರುಗಿಸಬಹುದು. 1938ರಿಂದ ‘ರಾಕ್ಣೊ’ ಎಂಬ ಕೊಂಕಣಿ ವಾರಪತ್ರಿಕೆ ಅಚ್ಚಾಗುತ್ತಿರುವ ಕನ್ನಡ ಲಿಪಿಯಲ್ಲೇ ಕೊಂಕಣಿಯನ್ನು ಬರೆದುಕೊಂಡರೆ ಮನೆಯ ಹಿರಿಯರೂ ಓದಿ ತಿದ್ದಬಲ್ಲರು. ಗದ್ದೆಯ ಹೆಸರು, ಭತ್ತದ ತಳಿ, ನೆರೆಮನೆಯವರ ಹೆಸರು ಅರ್ಥವಾಗದ ಕಡೆ ನಿಮಿಷ ಗುರುತು ಹಾಕಿ ಪಟ್ಟಿ ಮಾಡಿ, ಅದೇ ವಾರ ಅಜ್ಜಿಯ ಹತ್ತಿರ ಕೇಳಿ ತುಂಬಿಸಿ.