ಪೈಥಾನ್, ಸಿ, ಜಾವಾಸ್ಕ್ರಿಪ್ಟ್: ಒಂದೇ ಪ್ರೋಗ್ರಾಂ, ಮೂರು ಥರದ ಎಡವಟ್ಟು

ಹೊಸಬರು ಬರೆಯುವ ಕೋಡ್‌ನಲ್ಲಿ ತಪ್ಪೇ ಜಾಸ್ತಿ. ಹಾಗಾಗಿ ಮೊದಲ ಭಾಷೆ ಆರಿಸುವಾಗ ನೋಡಬೇಕಾದದ್ದು ಒಂದೇ: ತಪ್ಪಾದಾಗ ಅದು ಬಾಯಿಬಿಟ್ಟು ಹೇಳುತ್ತದೋ ಇಲ್ಲವೋ. ಆ ಲೆಕ್ಕದಲ್ಲಿ ನನ್ನ ವೋಟು ಪೈಥಾನ್‌ಗೆ.

ಪರೀಕ್ಷೆಗೆ ಸಣ್ಣ ಪ್ರೋಗ್ರಾಂ ಸಾಕು. ವಯಸ್ಸು ಕೇಳಬೇಕು, ಹೆಸರಿನ ಇನಿಶಿಯಲ್ ಕೇಳಬೇಕು, ಮುಂದಿನ ವರ್ಷ ಎಷ್ಟಾಗುತ್ತದೆ ಎಂದು ತೋರಿಸಬೇಕು.

ಸಿ ಭಾಷೆಯಲ್ಲಿ 18 ಎಂದು ಒತ್ತಿ ಎಂಟರ್ ಹೊಡೆದರೆ, ಇನಿಶಿಯಲ್ ಕೇಳುವ ಸಾಲು ನಿಲ್ಲದೆ ಹಾದುಹೋಗುತ್ತದೆ. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಈ ಬಗ್ಗೆ ತುಟಿಪಿಟಕ್ಕೆನ್ನುವುದಿಲ್ಲ, ಎಲ್ಲ ವಾರ್ನಿಂಗ್ ಆನ್ ಮಾಡಿದರೂ ಅಷ್ಟೇ. ಆಗುವುದಿಷ್ಟು: ಒತ್ತಿದ್ದನ್ನು ಓದುವ ಸ್ಕ್ಯಾನ್‌ಎಫ್ (scanf) 18 ಅನ್ನು ಮಾತ್ರ ಎತ್ತಿಕೊಳ್ಳುತ್ತದೆ, ಎಂಟರ್ ಒತ್ತಿದ ಗುರುತು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲೇ ಕೂತಿರುತ್ತದೆ. ಒಂದು ಅಕ್ಷರ ಓದು ಎನ್ನುವ ಮುಂದಿನ ಪರ್ಸೆಂಟ್-ಸಿ (%c) ಅದನ್ನೇ ಅಕ್ಷರ ಎಂದುಕೊಂಡು ನುಂಗುತ್ತದೆ. ಸಂಖ್ಯೆ ಓದುವ ಪರ್ಸೆಂಟ್-ಡಿ (%d) ಮಾತ್ರ ಹಿಂದಿನ ಖಾಲಿ ಜಾಗ, ಎಂಟರ್‌ಗಳನ್ನು ತಾನೇ ದಾಟಿ ಸಂಖ್ಯೆ ಹುಡುಕುತ್ತದೆ. ಅದಕ್ಕೇ ಎರಡು ಸಂಖ್ಯೆ ಕೂಡುವ ಪ್ರೋಗ್ರಾಂ ಸರಿಯಾಗಿ ಓಡುತ್ತದೆ, ಅಕ್ಷರ ಬಂದಾಗ ಮಾತ್ರ ಕೈಕೊಡುತ್ತದೆ.

ಪರಿಹಾರ ಒಂದು ಸ್ಪೇಸ್: ಶುರುವಿನ ಕೋಟ್ ಗುರುತು ಮತ್ತು ಪರ್ಸೆಂಟ್-ಸಿ ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಉಳಿದ ಎಂಟರ್ ಅಲ್ಲೇ ಕಳೆದುಹೋಗುತ್ತದೆ. ಹಲವರು ಇದಕ್ಕೆ ಎಫ್‌ಫ್ಲಶ್ (fflush) ಬಳಸಿ ಸ್ಟ್ಯಾಂಡರ್ಡ್ ಇನ್‌ಪುಟ್ ಅನ್ನು, ಅಂದರೆ ಕೀಬೋರ್ಡ್‌ನಿಂದ ಬಂದು ಉಳಿದದ್ದನ್ನು, ತೊಳೆಯಲು ಹೋಗುತ್ತಾರೆ. ಟರ್ಬೊ ಸಿ ಎಂಬ ಹಳೇ ಕಂಪೈಲರ್‌ನ ಕಾಲದಿಂದ ಅಂಟಿಕೊಂಡ ಚಾಳಿ ಅದು. ಹಾಗೆ ಮಾಡಿದರೆ ಏನಾಗಬೇಕೆಂದು ಸಿ ಸ್ಟ್ಯಾಂಡರ್ಡ್, ಅಂದರೆ ಭಾಷೆಯ ಅಧಿಕೃತ ನಿಯಮಾವಳಿ, ಹೇಳುವುದೇ ಇಲ್ಲ. ವಿಂಡೋಸ್‌ನಲ್ಲಿ ನಡೆದದ್ದು ಲ್ಯಾಬ್‌ನ ಉಬುಂಟುವಿನಲ್ಲಿ ನಡೆಯದೇ ಹೋಗಬಹುದು.

ಇನಿಶಿಯಲ್ಲನ್ನು ಕನ್ನಡದಲ್ಲೇ ಕೊಟ್ಟರಂತೂ ಇನ್ನೊಂದು ತಾಪತ್ರಯ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಬ’ಗೆ 3 ಬೈಟ್ ಬೇಕು, ಸಿಯಲ್ಲಿ ಅಕ್ಷರ ಇಡುವ ಕ್ಯಾರ್ (char) ಹಿಡಿಯುವುದು ಒಂದನ್ನೇ.

ಜಾವಾಸ್ಕ್ರಿಪ್ಟ್‌ಗೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್‌ನಲ್ಲಿ ಎಫ್12 ಒತ್ತಿ ಕೋಡ್ ಬರೆಯುವ ಕನ್ಸೋಲ್ ತೆರೆದರೆ ಆಯಿತು. ಆದರೆ ಉತ್ತರ ಕೇಳುವ ಪ್ರಾಂಪ್ಟ್ ಕೊಡುವುದು ಪಠ್ಯ, ಸಂಖ್ಯೆಯಲ್ಲ. ಅದಕ್ಕೆ 1 ಕೂಡಿಸಿದರೆ ಪಕ್ಕಕ್ಕೆ ಅಂಟಿಕೊಂಡು ಮುಂದಿನ ವರ್ಷದ ವಯಸ್ಸು 181! 1 ಕಳೆದರೆ ಮಾತ್ರ ಸರಿಯಾಗಿ 17. ಎರಡರಲ್ಲೂ ಎರರ್ ಇಲ್ಲ.

ಪೈಥಾನ್‌ನ ಇನ್‌ಪುಟ್ ಕೂಡ ಪಠ್ಯವನ್ನೇ ಕೊಡುತ್ತದೆ. ಆದರೆ ಕೂಡಿಸಲು ಹೋದ ಕೂಡಲೇ ಸಾಲಿನ ನಂಬರ್ ಸಮೇತ ಟೈಪ್‌ಎರರ್ ಎಂದು ನಿಲ್ಲುತ್ತದೆ. ಇನ್‌ಪುಟ್ಟನ್ನು ಪಠ್ಯವನ್ನು ಸಂಖ್ಯೆಯಾಗಿಸುವ ಇಂಟ್ (int) ಒಳಗೆ ಸುತ್ತಿದರೆ ಮುಗಿಯಿತು. ‘ಬ’ ಕೊಟ್ಟರೂ ತಕರಾರಿಲ್ಲ.

ಪೈಥಾನ್‌ಗೂ ಒಂದು ಕಿರಿಕಿರಿ ಇದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಪಾತ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಟಿಕ್ ಹಾಕದಿದ್ದರೆ, ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳಬಹುದು. ಹೊಸಬರಿಗೆಂದೇ ಇರುವ, ಕೋಡ್ ಬರೆದು ಓಡಿಸುವ ಥಾನಿ (Thonny) ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ಈ ರಗಳೆಯೇ ಇಲ್ಲ. ಪೈಥಾನ್ ಅದರೊಳಗೇ ಇದೆ. ದುಡ್ಡು ಕೊಡಬೇಕಿಲ್ಲ, 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಒಂದೊಂದೇ ಹೆಜ್ಜೆ ಓಡಿಸಿ ವೇರಿಯಬಲ್ ಬದಲಾಗುವುದನ್ನು ಕಣ್ಣಾರೆ ನೋಡಬಹುದು.

ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೂರುವವರಿಗೆ, ಹಳೇ ಲ್ಯಾಪ್‌ಟಾಪೇ ಗತಿ ಎನ್ನುವವರಿಗೆ ಪೈಥಾನ್, ಥಾನಿ. ವೆಬ್‌ಪೇಜ್ ಮಾಡುವ ಹಂಬಲವೊಂದೇ ಇದ್ದರೆ ಜಾವಾಸ್ಕ್ರಿಪ್ಟ್. ಇಂಜಿನಿಯರಿಂಗ್ ಮೊದಲ ವರ್ಷದ ಸಿಲಬಸ್‌ನಲ್ಲಿ ಸಿ ಇದ್ದರೆ ಆಯ್ಕೆಯ ಮಾತೇ ಇಲ್ಲ. ಪರ್ಸೆಂಟ್-ಸಿಗೆ ಮುಂಚೆ ಸ್ಪೇಸ್ ಬಿಡಿ.